ಸಾರ್ಪಟ್ಟ ಪರಂಬರೈ: ನೋಡಿದವರೂ ನೋಡಬೇಕೆಂದಿರುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಪಾ. ರಂಜಿತ್ ಅವರ ಈ ತಮಿಳು ಬಾಕ್ಸಿಂಗ್ ಸಿನಿಮಾ ಬಂದು ವರ್ಷಗಳಾದವು, ಅದರ ಬಗ್ಗೆ ಮಾತು ಮಾತ್ರ ನಿಂತಿಲ್ಲ. ಮದುವೆ ಮನೆಯಲ್ಲಿ ಸಿಕ್ಕ ನೆಂಟರು, ಜೊತೆ ಕೆಲಸ ಮಾಡುವವರು, ರಾತ್ರಿ ಸಿನಿಮಾ ಮುಗಿಸಿ ಮೆಸೇಜ್ ಹಾಕುವವರು, ಎಲ್ಲರೂ ಸುತ್ತಿ ಬಳಸಿ ಇವೇ ಪ್ರಶ್ನೆ ಕೇಳುತ್ತಾರೆ. ಅವರು ಕೇಳಿದ ಮಾತಲ್ಲೇ ಪ್ರಶ್ನೆ ಬರೆದು, ನನಗೆ ಅನ್ನಿಸಿದ್ದನ್ನು ಕೆಳಗೆ ಹೇಳಿದ್ದೇನೆ. ಮೊದಲ ಭಾಗದಲ್ಲಿ ಕಥೆಯ ಗುಟ್ಟು ಬಿಟ್ಟುಕೊಟ್ಟಿಲ್ಲ. ಎರಡನೇ ಭಾಗದಿಂದ ಎಲ್ಲವೂ ಬಯಲಾಗುತ್ತದೆ, ಸಿನಿಮಾ ನೋಡದವರು ಅಲ್ಲಿಗೇ ನಿಲ್ಲಿಸಿ.

## ನೋಡುವ ಮುಂಚೆ

ಎಲ್ಲರೂ ಹೇಳ್ತಾರೆ, ಅಷ್ಟಕ್ಕೂ ಈ ಸಿನಿಮಾ ಕಥೆ ಏನು?

1970ರ ದಶಕದ ಉತ್ತರ ಮದ್ರಾಸು. ಬಂದರು, ಮೀನುಗಾರರ ಕೇರಿ, ಕೂಲಿ ಜನ. ಅಲ್ಲಿ ಬಾಕ್ಸಿಂಗ್ ಅಂದರೆ ಊರಹಬ್ಬದಷ್ಟು ಹುಚ್ಚು. ಬಾಕ್ಸಿಂಗ್ ಕಲಿಸುವ ಗುಂಪುಗಳನ್ನು ಪರಂಬರೈ ಅನ್ನುತ್ತಾರೆ, ನಮ್ಮಲ್ಲಿ ಒಂದೊಂದು ಗರಡಿಗೂ ಅದರದೇ ಹೆಸರು, ಅದರದೇ ಜನ ಇರುತ್ತಾರಲ್ಲ, ಆ ಥರ. ಸಾರ್ಪಟ್ಟ ಗುಂಪಿಗೂ ಇಡಿಯಪ್ಪ ಗುಂಪಿಗೂ ಹಳೆ ಹಗೆ. ಸಾರ್ಪಟ್ಟದ ಗುರು ರಂಗನ್ ವಾತಿಯಾರ್ ಒಂದು ಪಂಥ ಕಟ್ಟುತ್ತಾರೆ: ಮುಂದಿನ ಆಟದಲ್ಲಿ ಸೋತರೆ ನಮ್ಮ ಗುಂಪು ಇನ್ನು ರಿಂಗಿಗೆ ಇಳಿಯುವುದಿಲ್ಲ. ಆ ಹೊತ್ತಲ್ಲಿ ಕಣ್ಣಿಗೆ ಬೀಳುವವನು ಕಬಿಲನ್, ಆ ಪಾತ್ರ ಆರ್ಯ ಅವರದ್ದು. ಮೂಟೆ ಹೊರುವ ಹುಡುಗ, ಬಾಕ್ಸಿಂಗ್ ನೋಡುತ್ತಲೇ ಬೆಳೆದವನು, ಆದರೆ ಅಮ್ಮನ ಭಯಕ್ಕೆ ಗ್ಲೌಸ್ ಮುಟ್ಟದವನು.

2021ರ ಜುಲೈ 22ರಂದು ಅಮೆಜಾನ್ ಪ್ರೈಮ್‌ನಲ್ಲಿ ನೇರವಾಗಿ ಬಿಡುಗಡೆಯಾಯಿತು. ಕೋವಿಡ್ ಕಾಲ, ಥಿಯೇಟರಿಗೆ ಬರಲೇ ಇಲ್ಲ. ಆ ಗುದ್ದಿನ ಸದ್ದನ್ನು ತುಂಬಿದ ಥಿಯೇಟರಲ್ಲಿ ಕೇಳುವ ಭಾಗ್ಯ ನಮಗೆ ಸಿಗಲಿಲ್ಲ ಅನ್ನುವ ಬೇಜಾರು ನನಗೆ ಈಗಲೂ ಇದೆ.

ನನಗೆ ಬಾಕ್ಸಿಂಗ್ ಗಂಧಗಾಳಿನೂ ಗೊತ್ತಿಲ್ಲ, ಅರ್ಥ ಆಗುತ್ತಾ?

ಆಗುತ್ತದೆ. ಒಂದು ರೌಂಡ್ ಅಂದರೆ ಸಾಮಾನ್ಯವಾಗಿ ಮೂರು ನಿಮಿಷ, ನಡುವೆ ಒಂದು ನಿಮಿಷ ವಿರಾಮ. ನೆಲಕ್ಕೆ ಬಿದ್ದವನು ರೆಫರಿ ಹತ್ತು ಎಣಿಸುವುದರೊಳಗೆ ಏಳಬೇಕು, ಏಳದಿದ್ದರೆ ಸೋತ. ದೂರ ಅಳೆಯಲು ಮುಂದಿನ ಕೈಯಿಂದ ಚುರುಕಾಗಿ ಹೊಡೆಯುವುದು ಜ್ಯಾಬ್, ಪಕ್ಕದಿಂದ ಬಳಸಿ ಬರುವುದು ಹುಕ್, ಕೆಳಗಿನಿಂದ ಗದ್ದಕ್ಕೆ ಏರುವುದು ಅಪ್ಪರ್‌ಕಟ್. ಇಷ್ಟು ಗೊತ್ತಿದ್ದರೆ ಧಾರಾಳವಾಯಿತು. ಮಿಕ್ಕಿದ್ದನ್ನು ಮೈಕ್ ಹಿಡಿದು ಕೂಗುವವರು, ಸುತ್ತ ಕುಳಿತು ಬಾಯಿ ಹಾಕುವ ಮುದುಕರು ನಿಮಗೇ ಹೇಳಿಕೊಡುತ್ತಾರೆ. ಯಾರ ಕಾಲು ಎಲ್ಲಿದೆ ಅನ್ನುವುದನ್ನು ಗಮನಿಸಿ ನೋಡಿ, ಸಿನಿಮಾ ಇನ್ನೂ ಚೆನ್ನಾಗಿ ಕಾಣುತ್ತದೆ.

ಮೂರು ಗಂಟೆ ಅಂತೆ! ಎರಡು ಸಲಕ್ಕೆ ನೋಡಿದರೆ ಪರವಾಗಿಲ್ವಾ?

ಬೇಡ. ಮೊದಲರ್ಧ ಓಡುತ್ತದೆ, ಎರಡನೇ ಅರ್ಧ ಕುಂಟುತ್ತದೆ. ಆ ಓಟದ ಬಿಸಿ ಮೈಯಲ್ಲಿ ಇರುವಾಗಲೇ ಕುಂಟುವುದನ್ನು ನೋಡಬೇಕು. ಮಾರನೇ ದಿನ ಶುರು ಮಾಡಿದರೆ ಎರಡನೇ ಅರ್ಧ ಸುಮ್ನೆ ಯಾರೋ ಕುಡುಕನ ಕಥೆ ಅನ್ನಿಸಿಬಿಡುತ್ತದೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕುಳಿತುಬಿಡಿ.

ತಮಿಳು ಅಷ್ಟಾಗಿ ಬರಲ್ಲ, ಹೇಗೆ ನೋಡೋದು?

ಮೂಲ ತಮಿಳಲ್ಲೇ, ಕೆಳಗೆ ಸಬ್‌ಟೈಟಲ್ ಹಾಕಿಕೊಂಡು ನೋಡಿ. ಇಲ್ಲಿ ಮಾತಾಡುವುದು ಮದ್ರಾಸಿನ ಕೇರಿಯ ತಮಿಳು. ಅದರಲ್ಲಿ ತೆಲುಗು, ಉರ್ದು, ಇಂಗ್ಲಿಷ್ ಎಲ್ಲ ಬೆರೆತಿದೆ. ಬೆಂಗಳೂರಲ್ಲಿ ಹುಟ್ಟಿ ಮನೆಯಲ್ಲಿ ತಮಿಳಾಡುವವರಿಗೂ ಅರ್ಧ ಅರ್ಥವಾಗುವುದಿಲ್ಲ, ಹಾಗಾಗಿ ನೀವೇನೂ ಹಿಂಜರಿಯಬೇಡಿ. ರಂಗನ್ ಪಾತ್ರದ ಪಶುಪತಿ ಅವರ ಗಂಟಲು, ರಂಗನ್ ಗುಂಪಿನಲ್ಲೇ ಇರುವ ಡ್ಯಾಡಿ ಅನ್ನುವ ಪಾತ್ರದ ಆಂಗ್ಲೋ ಇಂಡಿಯನ್ ಮಾತಿನ ವರಸೆ, ಇವನ್ನು ಬೇರೆಯವರ ದನಿಯಲ್ಲಿ ಕೇಳಿದರೆ ಅರ್ಧ ಸಿನಿಮಾ ಹೋಯಿತು.

ಮಕ್ಕಳನ್ನ ಕೂರಿಸಿಕೊಂಡು ನೋಡಬಹುದಾ?

ಚಿಕ್ಕ ಮಕ್ಕಳ ಜೊತೆ ಬೇಡ. ಬೈಗುಳ ಇದೆ, ಕುಡಿತ ಇದೆ, ರಕ್ತ ಇದೆ, ಒಬ್ಬನನ್ನು ಜನರೆದುರು ಅವಮಾನ ಮಾಡುವ ತುಂಬಾ ಕಷ್ಟದ ದೃಶ್ಯವೊಂದಿದೆ. ಹೈಸ್ಕೂಲು ದಾಟಿದವರಾದರೆ ಜೊತೆಗೇ ಕೂರಿಸಿಕೊಳ್ಳಿ. ಆಮೇಲೆ ಮಾತಾಡಲು ಬೇಕಾದಷ್ಟು ಸಿಗುತ್ತದೆ.

## ನೋಡಿದ ಮೇಲೆ

ಗುರು, ಆ ಡ್ಯಾನ್ಸಿಂಗ್ ರೋಸ್ ಯಾರು? ಅವನದ್ದೇ ಒಂದು ಸಿನಿಮಾ ಮಾಡಬಾರದಾ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಪಾತ್ರ ಮಾಡಿದವರು ಶಬೀರ್ ಕಲ್ಲರಕ್ಕಲ್, ರಂಗಭೂಮಿಯಿಂದ ಬಂದ ನಟ. ಕೈ ಕೆಳಗೆ ಬಿಟ್ಟು, ಸೊಂಟ ತಿರುಗಿಸಿ, ಬಗ್ಗಿ ಎದ್ದು ಎದುರಾಳಿಗೆ ಚಳ್ಳೆಹಣ್ಣು ತಿನ್ನಿಸುವ ಆ ಶೈಲಿ ನೋಡಿದರೆ ಬ್ರಿಟನ್ನಿನ ನಸೀಮ್ ಹಮೀದ್ ಆಟ ನೋಡಿದವರಿಗೆ ತಕ್ಷಣ ನೆನಪಾಗುತ್ತದೆ.

ಆದರೆ ಜನ ಅವನನ್ನು ಮೆಚ್ಚಿದ್ದು ಕುಣಿತಕ್ಕೆ ಮಾತ್ರ ಅಲ್ಲ ಅಂತ ನನಗನ್ನಿಸುತ್ತದೆ. ಅವನಿಗೆ ಯಾರ ಮೇಲೂ ದ್ವೇಷವಿಲ್ಲ. ಇಡಿಯಪ್ಪ ಗುಂಪಿನಲ್ಲಿದ್ದರೂ ಎದುರಾಳಿಯ ಜಾತಿ, ಕುಲ, ಅಪ್ಪ ಯಾರು ಅನ್ನುವುದು ಅವನಿಗೆ ಬೇಕಿಲ್ಲ. ಒಳ್ಳೆ ಆಟಗಾರ ಸಿಕ್ಕರೆ ಅವನ ಕಣ್ಣು ಅರಳುತ್ತದೆ. ಇಡೀ ಸಿನಿಮಾದಲ್ಲಿ ಎಲ್ಲರೂ ಮಾನಕ್ಕಾಗಿ ಹೊಡೆದಾಡುವಾಗ ಇವನೊಬ್ಬ ಆಟಕ್ಕಾಗಿ ಆಡುತ್ತಾನೆ. ಕಬಿಲನ್ ಗೆಲ್ಲುವುದೂ ಬಲದಿಂದ ಅಲ್ಲ. ಆ ಕುಣಿತದ ತಾಳವನ್ನು ತಾಳ್ಮೆಯಿಂದ ನೋಡಿ, ಮುಂದಿನ ಹೆಜ್ಜೆ ಎಲ್ಲಿ ಬೀಳುತ್ತದೆ ಅಂತ ಊಹಿಸಿ, ಅಲ್ಲಿ ಮೊದಲೇ ಕೈ ಇಟ್ಟಿರುತ್ತಾನೆ. ನನ್ನ ಮಟ್ಟಿಗೆ ಸಿನಿಮಾದ ಅತ್ಯುತ್ತಮ ಕಾಳಗ ಅದೇ, ಕೊನೆಯದ್ದಲ್ಲ.

ಅವನದ್ದೇ ಸಿನಿಮಾ ಮಾತ್ರ ಬೇಡ. ಸ್ವಲ್ಪವೇ ಕಂಡದ್ದರಿಂದ ಅವನು ಅಷ್ಟು ಚೆಂದ.

ವೆಂಬುಲಿಯನ್ನ ಎಲ್ಲೋ ನೋಡಿದ ಹಾಗಿದೆಯಲ್ಲ?

ಇಡಿಯಪ್ಪ ಗುಂಪಿನ ದೊಡ್ಡ ಬಾಕ್ಸರ್ ವೆಂಬುಲಿಯ ಪಾತ್ರ ಮಾಡಿದವರು ಜಾನ್ ಕೊಕ್ಕೆನ್. ಕೆಜಿಎಫ್‌ನಲ್ಲಿ ನೋಡಿದ್ದೀರಿ. ಈ ಸಿನಿಮಾಕ್ಕೆ ಸಾಹಸ ಸಂಯೋಜಿಸಿದ ಅನ್ಬರಿವ್ ಜೋಡಿಯೂ ಕೆಜಿಎಫ್‌ಗೆ ಕೆಲಸ ಮಾಡಿದವರೇ. ಕಬಿಲನ್ ಅಮ್ಮ ಭಾಗ್ಯಂ ಪಾತ್ರ ಮಾಡಿದ ಅನುಪಮಾ ಕುಮಾರ್ ಕೂಡ ಕನ್ನಡ ಸಿನಿಮಾ ನೋಡುವವರಿಗೆ ಹೊಸಬರಲ್ಲ. ಹೀಗೆ ನಮಗೆ ಪರಿಚಯದ ಮುಖಗಳು ಒಂದೆರಡು ಸಿಗುತ್ತವೆ.

ಸೆಕೆಂಡ್ ಹಾಫ್ ಯಾಕೆ ಅಷ್ಟು ಎಳೆದಿದ್ದಾರೆ? ಮೊದಲರ್ಧ ಬೆಂಕಿ, ಆಮೇಲೆ ತಣ್ಣೀರು

ಹತ್ತು ಜನ ನೋಡಿದರೆ ಅದರಲ್ಲಿ ಬಹುಪಾಲು ಜನ ಇದನ್ನೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲರ್ಧ ಎಲ್ಲಿ ನಿಲ್ಲುತ್ತದೆ ನೆನಪಿಸಿಕೊಳ್ಳಿ. ಕಬಿಲನ್ ವೆಂಬುಲಿಯನ್ನು ಹೆಚ್ಚುಕಮ್ಮಿ ಸೋಲಿಸಿಯೇಬಿಟ್ಟಿದ್ದಾನೆ. ಪೊಲೀಸರು ರಂಗನ್ ವಾತಿಯಾರರನ್ನು ಹಿಡಿಯಲು ಬಂದು ನಿಂತಿದ್ದಾರೆ. ಅಷ್ಟರಲ್ಲಿ ಸಾರ್ಪಟ್ಟ ಗುಂಪಿನವನೇ ಆದರೂ ಕಬಿಲನ್‌ನನ್ನು ಕಂಡರಾಗದ ತಣಿಗನ ಕಡೆಯವರು ನುಗ್ಗಿ ಗಲಭೆ ಎಬ್ಬಿಸಿ, ಇಡೀ ಊರಿನೆದುರು, ಹೆಂಡತಿ ಮತ್ತು ಅಮ್ಮನ ಕಿವಿಗೆ ಬೀಳುವ ಹಾಗೆ, ಅವನ ಬಟ್ಟೆ ಬಿಚ್ಚುತ್ತಾರೆ. ಈಗ ಹೇಳಿ, ಇದಾದ ಮೇಲೆ ಒಬ್ಬ ಮನುಷ್ಯ ಏನು ಮಾಡುತ್ತಾನೆ? ಬೇರೆ ಸಿನಿಮಾಗಳಲ್ಲಿ ಒಂದು ಹಾಡಿನಲ್ಲಿ ಓಡಿ, ಮರಳು ಮೂಟೆ ಗುದ್ದಿ, ಹತ್ತು ನಿಮಿಷದಲ್ಲಿ ಸೇಡು ತೀರಿಸಿಕೊಳ್ಳುತ್ತಾನೆ. ಇಲ್ಲಿ ಹಾಗಾಗುವುದಿಲ್ಲ. ಕತ್ತಿ ಹಿಡಿಯುತ್ತಾನೆ, ಜೈಲಿಗೆ ಹೋಗುತ್ತಾನೆ, ಹೊರಗೆ ಬಂದು ಕಳ್ಳಬಟ್ಟಿ ದಂಧೆಗೆ ಬೀಳುತ್ತಾನೆ, ತಾನು ಕಾಯಿಸಿದ್ದನ್ನು ತಾನೇ ಕುಡಿಯಲು ಶುರು ಮಾಡುತ್ತಾನೆ, ಹೊಟ್ಟೆ ಬರುತ್ತದೆ, ಉಸಿರು ಕಟ್ಟುತ್ತದೆ, ಗುರುವಿನ ಮುಖ ನೋಡಲಾಗದೆ ತಲೆ ತಗ್ಗಿಸುತ್ತಾನೆ.

ಇದು ನೋಡಲು ಹಿತವಾಗಿಲ್ಲ, ನಿಜ. ಆದರೆ ಆಟಗಾರನ ನಿಜವಾದ ಸೋಲು ರಿಂಗಿನೊಳಗೆ ಆಗುವುದಿಲ್ಲ ಅಂತ ಈ ಸಿನಿಮಾ ಹೇಳುತ್ತಿದೆ. ಬಡಕೇರಿಯ ಆಟಗಾರನಿಗೆ ಆಟ ನಿಂತ ದಿನದಿಂದ ಸೋಲು ಶುರು. ಕೈಯಲ್ಲಿ ಬಲ ಇದೆ, ಹೆಸರಿದೆ, ಕೆಲಸವಿಲ್ಲ. ಆ ಬಲವನ್ನು ಕೊಳ್ಳಲು ಪಕ್ಷದವರು, ಹೆಂಡದವರು ಕಾಯುತ್ತಿರುತ್ತಾರೆ. ಕಬಿಲನ್ ಅಪ್ಪನೂ ಹೀಗೇ ಬಾಕ್ಸರ್ ಆಗಿ, ಆಮೇಲೆ ರೌಡಿಯಾಗಿ, ಕೊಲೆಯಾದವನು. ಮಗ ಅದೇ ದಾರಿಯಲ್ಲಿ ಅದೇ ತಿರುವಿಗೆ ಬಂದು ನಿಂತಿದ್ದಾನೆ. ಅದನ್ನು ಬೇಗ ಬೇಗ ತೋರಿಸಿದ್ದರೆ ಕಥೆಗೆ ಒಂದು ನೆಪ ಆಗುತ್ತಿತ್ತು ಅಷ್ಟೇ. ನಿಧಾನವಾಗಿ ತೋರಿಸಿದ್ದರಿಂದ ಅದು ಜೀವನದ ಹಾಗೆ ಕಾಣುತ್ತದೆ. ಎಷ್ಟು ವರ್ಷ ಹಾಳಾಯಿತು ಅನ್ನುವುದು ನಮಗೂ ಭಾರವಾಗಬೇಕು, ಅಲ್ವಾ?

ಒಂದು ತಪ್ಪು ಮಾತ್ರ ಇದೆ. ಅಷ್ಟು ಹೊತ್ತು ಕುಸಿತ ತೋರಿಸಿದ ಮೇಲೆ ಎದ್ದು ನಿಲ್ಲುವುದನ್ನು ಅವಸರದಲ್ಲಿ ಮುಗಿಸಿದ್ದಾರೆ. ಬೀಡಿ ರಾಯಪ್ಪನ್ ಹತ್ತಿರ ತಾಲೀಮು, ಸಮುದ್ರ, ಬೆವರು, ಒಂದು ಹಾಡು, ಮೈ ಮತ್ತೆ ಕಬ್ಬಿಣ. ಆ ಬೊಜ್ಜು ಕರಗಿಸಲು ಎಷ್ಟು ಕಷ್ಟ ಅಂತ ಗೊತ್ತಿರುವ ಯಾರಿಗೂ ಅದು ನಂಬಿಕೆ ಬರುವುದಿಲ್ಲ. ಎಳೆದದ್ದರ ಬಗ್ಗೆ ನನಗೆ ದೂರಿಲ್ಲ, ಇಲ್ಲಿ ಇನ್ನೂ ಸ್ವಲ್ಪ ಎಳೆಯಬೇಕಿತ್ತು.

ಮಾರಿಯಮ್ಮ ಯಾಕೆ ಅಷ್ಟು ಕಿರುಚಾಡ್ತಾಳೆ? ತಲೆನೋವು

ಈ ಪ್ರಶ್ನೆ ಕೇಳಿದವರಲ್ಲಿ ಹೆಚ್ಚಿನವರು ಗಂಡಸರು. ಸಿನಿಮಾ ನೋಡಿದ ಹೆಣ್ಣುಮಕ್ಕಳ ಹತ್ತಿರ ಮಾತಾಡಿದರೆ ಅವರಿಗೆ ಮೊದಲು ನೆನಪಾಗುವ ಪಾತ್ರವೇ ಮಾರಿಯಮ್ಮ. ಒಂದೇ ಪಾತ್ರದ ಬಗ್ಗೆ ಇಷ್ಟು ಬೇರೆ ಬೇರೆ ಅಭಿಪ್ರಾಯ ಕೇಳಿದ್ದು ನನಗೆ ಅಪರೂಪ.

ಅವಳ ಕಡೆಯಿಂದ ನೋಡಿ. ಕಬಿಲನ್‌ನನ್ನು ಮದುವೆಯಾಗಿ ಬರುತ್ತಾಳೆ. ಕುಣಿದು ಕುಪ್ಪಳಿಸುವ ಹುಡುಗಿ. ಮೊದಲ ರಾತ್ರಿ ನಾಚಿಕೊಂಡು ಹಾಲಿನ ಲೋಟ ಹಿಡಿದು ನಿಲ್ಲುವ ಹೆಂಡತಿಯನ್ನು ನಾವು ನೂರು ಸಿನಿಮಾದಲ್ಲಿ ನೋಡಿದ್ದೇವೆ, ಇವಳು ಮನಸಾರೆ ಕುಣಿಯುತ್ತಾಳೆ. ಆದರೆ ಗಂಡನ ತಲೆ ತುಂಬ ವೆಂಬುಲಿ. ಆಮೇಲೆ ಜೈಲು, ಹೆಂಡ, ಮಗು. ಊರಿಗೆಲ್ಲ ಅವನ ಮಾನದ ಚಿಂತೆ, ಇವಳ ಹೊಟ್ಟೆಗೇನು ಅಂತ ಕೇಳುವವರಿಲ್ಲ. ಆಗ ಅವಳು ಗಟ್ಟಿಯಾಗಿ ಕೇಳುತ್ತಾಳೆ. ಅದನ್ನು ಕಿರುಚಾಟ ಅನ್ನಬಹುದು, ಆದರೆ ಅವಳು ಹೇಳಿದ ಒಂದು ಮಾತೂ ಸುಳ್ಳಲ್ಲ.

ದುಶಾರಾ ವಿಜಯನ್ ಈ ಪಾತ್ರದಿಂದಲೇ ಮನೆಮಾತಾದರು. ಕ್ರೀಡೆಯ ಸಿನಿಮಾಗಳಲ್ಲಿ ಹೆಂಡತಿ ಅಂದರೆ ಗ್ಯಾಲರಿಯಲ್ಲಿ ಕುಳಿತು ಕೈ ಮುಗಿಯುವವಳು ಅಥವಾ ಬೇಡ ಬೇಡ ಅಂತ ಅಳುವವಳು. ಮಾರಿಯಮ್ಮ ಎರಡೂ ಅಲ್ಲ. ಗಂಡ ಬಿದ್ದಾಗ ಕಾಯುವವಳೂ ಅವಳೇ, ಬೈದು ಎಬ್ಬಿಸುವವಳೂ ಅವಳೇ.

ಪೊರಕೆ ತಗೊಂಡು ಹೊಡೆದ ಅಮ್ಮ ಆಮೇಲೆ ಹೇಗೆ ಒಪ್ಪಿದಳು?

ಅವಳ ಭಯ ಬಾಕ್ಸಿಂಗ್ ಬಗ್ಗೆ ಇರಲೇ ಇಲ್ಲ. ಬಾಕ್ಸಿಂಗ್ ಜೊತೆ ಬರುವ ಗುಂಪು, ಗತ್ತು, ಕತ್ತಿ, ಅವುಗಳ ಬಗ್ಗೆ ಇತ್ತು. ಗಂಡನನ್ನು ಕಳಕೊಂಡದ್ದು ಅದರಿಂದ. ಮಗನನ್ನು ರಿಂಗಿನಿಂದ ದೂರ ಇಟ್ಟರೆ ಉಳಿಯುತ್ತಾನೆ ಅಂದುಕೊಂಡಳು. ಆದರೆ ರಿಂಗು ತಪ್ಪಿದ ಮೇಲೆಯೇ ಮಗ ಅಪ್ಪನ ದಾರಿ ಹಿಡಿದದ್ದನ್ನು ಕಣ್ಣಾರೆ ಕಂಡಳು. ಆಗ ಅವಳಿಗೆ ಅರ್ಥವಾಗುವುದು, ಆಟ ಅವನನ್ನು ಕಾಯುತ್ತಿತ್ತು ಅಂತ. ಹಾಗಾಗಿ ಅವಳೇ ಮತ್ತೆ ಕಳಿಸುತ್ತಾಳೆ. ಅನುಪಮಾ ಅವರು ಈ ಬದಲಾವಣೆಯನ್ನು ದೊಡ್ಡ ಭಾಷಣವಿಲ್ಲದೆ ಮಾಡಿದ್ದಾರೆ, ಮುಖ ನೋಡಿದರೆ ಸಾಕು.

ಕೊನೆಗೆ ಹೀರೋನೇ ಗೆಲ್ಲೋದು ಗೊತ್ತಿದ್ದೇ ಅಲ್ವಾ? ಅದರಲ್ಲಿ ಏನಿದೆ?

ಗೊತ್ತಿದ್ದದ್ದೇ. ಕೊನೆಯ ಕಾಳಗ ಹೊಸದೇನನ್ನೂ ಹೇಳುವುದಿಲ್ಲ, ಒಪ್ಪುತ್ತೇನೆ. ಆದರೆ ಅದನ್ನು ನೋಡುವಾಗ ನಾನು ಕಬಿಲನ್ ಕಡೆ ನೋಡುವುದೇ ಇಲ್ಲ, ಪಶುಪತಿ ಕಡೆ ನೋಡುತ್ತೇನೆ. ರಂಗನ್ ವಾತಿಯಾರ್ ಹೆಚ್ಚು ಮಾತಾಡದ ಮನುಷ್ಯ. ಇಡೀ ಸಿನಿಮಾದಲ್ಲಿ ಕಣ್ಣು ಸಣ್ಣ ಮಾಡಿ ನಿಂತೇ ಆಟ ಓದುತ್ತಾರೆ. ಅವರ ಮುಖದಲ್ಲಿ ಕಾಣುವ ಒಂದು ಸಣ್ಣ ಸಡಿಲಿಕೆಯೇ ನನಗೆ ಗೆಲುವು.

## ಇನ್ನೂ ಸ್ವಲ್ಪ ಒಳಕ್ಕೆ

ಇಂಥ ಬಾಕ್ಸಿಂಗ್ ಪರಂಪರೆಗಳು ನಿಜವಾಗಿ ಇದ್ದವಾ, ಕಟ್ಟುಕಥೆನಾ?

ಇದ್ದವು. ಸಾರ್ಪಟ್ಟ, ಇಡಿಯಪ್ಪ ನಾಯಕ್ಕರ್, ಎಲ್ಲಪ್ಪ ಚೆಟ್ಟಿಯಾರ್ ಹೆಸರಿನ ಗುಂಪುಗಳು ಉತ್ತರ ಮದ್ರಾಸಿನಲ್ಲಿ ನಿಜಕ್ಕೂ ಇದ್ದವು. ಬ್ರಿಟಿಷರ ಕಾಲದಲ್ಲಿ ಬಿಳಿಯರು, ಆಂಗ್ಲೋ ಇಂಡಿಯನ್ನರು ಆಡುವುದನ್ನು ನೋಡಿ ಬಂದರಿನ ಕೂಲಿಗಳು, ಮೀನುಗಾರರು ಕಲಿತರು, ಕಲಿತು ಅವರನ್ನೇ ಎದುರಿಸಿದರು. ಕಬಿಲನ್, ವೆಂಬುಲಿ ಎಲ್ಲ ಸಿನಿಮಾಕ್ಕಾಗಿ ಹುಟ್ಟಿದ ಪಾತ್ರಗಳು, ಆದರೆ ಅವರ ಸುತ್ತಲಿನ ಲೋಕ ಸುಳ್ಳಲ್ಲ.

ಆ ಊರಿನ ಬಾಕ್ಸಿಂಗ್ ಹುಚ್ಚಿಗೆ ಒಂದು ಸಾಕ್ಷಿ ಹೇಳುತ್ತೇನೆ. 1980ರಲ್ಲಿ ಮೊಹಮ್ಮದ್ ಅಲಿ ಮದ್ರಾಸಿಗೆ ಬಂದಿದ್ದರು. ನೆಹರು ಸ್ಟೇಡಿಯಂನಲ್ಲಿ ಜಿಮ್ಮಿ ಎಲ್ಲಿಸ್ ಜೊತೆ ಪ್ರದರ್ಶನ ಪಂದ್ಯ ಆಡಿದರು, ಆಗ ಮುಖ್ಯಮಂತ್ರಿಯಾಗಿದ್ದ ಎಂಜಿಆರ್ ಕೂಡ ಅಲ್ಲಿದ್ದರು. ಡ್ಯಾಡಿಯಂಥ ಆಂಗ್ಲೋ ಇಂಡಿಯನ್ ಪಾತ್ರವನ್ನು ರಂಗನ್ ಗುಂಪಿನೊಳಗೇ ತಂದದ್ದು ಆ ಬೆರಕೆ ಚರಿತ್ರೆಯ ನೆನಪಿಗೆ. ಜಾನ್ ವಿಜಯ್ ಅದನ್ನು ಎಷ್ಟು ಪ್ರೀತಿಯಿಂದ ಮಾಡಿದ್ದಾರೆ ಅಂದರೆ, ಕಬಿಲನ್‌ಗೆ ಗುರು ರಂಗನ್ ಆದರೂ ಅಪ್ಪ ಅನ್ನಿಸುವವರು ಡ್ಯಾಡಿಯೇ.

ಬಾಕ್ಸಿಂಗ್ ಸಿನಿಮಾದಲ್ಲಿ ಡಿಎಂಕೆ, ಎಮರ್ಜೆನ್ಸಿ ಎಲ್ಲ ಯಾಕೆ ತುರುಕಿದ್ದಾರೆ?

ತುರುಕಿದ್ದಲ್ಲ, ಕಥೆಯ ಕೀಲಿಯೇ ಅಲ್ಲಿದೆ. 1975ರ ಜೂನ್ 25ಕ್ಕೆ ತುರ್ತು ಪರಿಸ್ಥಿತಿ ಬಂತು. ಅದನ್ನು ವಿರೋಧಿಸಿದ ಕರುಣಾನಿಧಿಯವರ ಡಿಎಂಕೆ ಸರ್ಕಾರವನ್ನು 1976ರ ಜನವರಿ 31ರಂದು ವಜಾ ಮಾಡಿದರು. ಆ ಮೇಲೆ ಡಿಎಂಕೆಯವರನ್ನು, ವಿಚಾರಣೆಯಿಲ್ಲದೆ ಬಂಧಿಸಲು ಬಿಡುವ ಮೀಸಾ ಕಾಯ್ದೆಯಡಿ ಹಿಡಿದು ಜೈಲಿಗೆ ಹಾಕಿದರು. ರಂಗನ್ ಡಿಎಂಕೆಯ ಕಾರ್ಯಕರ್ತ. ಸರ್ಕಾರ ಬಿದ್ದ ಹೊತ್ತಲ್ಲೇ ಅವರನ್ನು ಹಿಡಿಯುತ್ತಾರೆ. ಗುರು ಜೈಲಿಗೆ ಹೋದ ಮೇಲೆ ಶಿಷ್ಯ ದಾರಿ ತಪ್ಪುತ್ತಾನೆ. ರಾಜಕೀಯ ತೆಗೆದುಬಿಟ್ಟರೆ ಕಬಿಲನ್ ಯಾಕೆ ಬಿದ್ದ ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲದಂತಾಗುತ್ತದೆ.

ಕಳ್ಳಬಟ್ಟಿಯದೂ ಅಷ್ಟೇ. ತಮಿಳುನಾಡಿನಲ್ಲಿ 1971ರಲ್ಲಿ ಪಾನ ನಿಷೇಧ ತೆಗೆದಿದ್ದರು, 1974ರ ಹೊತ್ತಿಗೆ ಮತ್ತೆ ತಂದರು. ಹಾಗಾಗಿ ಆ ಕಾಲದ ಕೇರಿಯಲ್ಲಿ ಕದ್ದು ಕಾಯಿಸುವುದು ದೊಡ್ಡ ದಂಧೆ. ನಮ್ಮಲ್ಲಿ 2007ರವರೆಗೂ ಸಾರಾಯಿ ಅಂಗಡಿ ಸರ್ಕಾರದ ಲೈಸೆನ್ಸಿನಲ್ಲೇ ನಡೆಯುತ್ತಿತ್ತಲ್ಲ, ಅದಕ್ಕೇ ಕನ್ನಡದ ಕೆಲವರಿಗೆ ಈ ಭಾಗ ಗೊಂದಲವಾಗಿದೆ.

ಇನ್ನೊಂದು ಮಾತು. ತುರ್ತು ಪರಿಸ್ಥಿತಿ ನಮಗೂ ದೂರದ ಕಥೆಯಲ್ಲ. ಅಡ್ವಾಣಿ, ವಾಜಪೇಯಿ ಬಂಧನವಾದದ್ದು ಬೆಂಗಳೂರಿನಲ್ಲಿ. 'ಸಂಸ್ಕಾರ' ಸಿನಿಮಾದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ನರಳಿ, ಬಿಡುಗಡೆಯಾದ ಸ್ವಲ್ಪ ದಿನಕ್ಕೆ 1977ರ ಜನವರಿಯಲ್ಲಿ ತೀರಿಕೊಂಡರು. ರಂಗನ್ ಕೈಗೆ ಬೇಡಿ ಬೀಳುವಾಗ ಇದೂ ನೆನಪಾದರೆ ಒಳ್ಳೆಯದು.

ಜಾತಿ ವಿಷಯ ಇದೆ ಅಂತಾರೆ, ನನಗೆಲ್ಲೂ ಕಾಣಲಿಲ್ಲ

ಯಾರೂ ಜಾತಿಯ ಹೆಸರು ಹಿಡಿದು ಭಾಷಣ ಮಾಡುವುದಿಲ್ಲ, ಅದಕ್ಕೇ ತಪ್ಪಿಹೋಗಿದೆ. ತಣಿಗನ ಮಾತುಗಳನ್ನು ಮತ್ತೆ ಕೇಳಿ. ಅವನೂ ಸಾರ್ಪಟ್ಟ ಗುಂಪಿನವನೇ. ತನ್ನದೇ ಗುಂಪು ಗೆಲ್ಲುವುದಕ್ಕಿಂತ ಕಬಿಲನ್ ಗೆಲ್ಲಬಾರದು ಅನ್ನುವುದು ಅವನಿಗೆ ಮುಖ್ಯ. ತನ್ನ ಕಡೆಯ ರಾಮನ್ ಆಡಬೇಕಾದ ಜಾಗದಲ್ಲಿ ಇವನು ಬಂದು ನಿಂತದ್ದು ಅವನಿಗೆ ಸಹಿಸಲಾಗುವುದಿಲ್ಲ. ಆಟ ಕೆಡಿಸಿದ್ದು ಎದುರು ಗುಂಪಿನವರಲ್ಲ, ಒಳಗಿನವನು. ಬಟ್ಟೆ ಬಿಚ್ಚಿದ್ದೂ ಸುಮ್ನೆ ಅಲ್ಲ. ಹೊಡೆದು ಸೋಲಿಸಲಾಗದವನನ್ನು ಅವನ ಜಾಗ ಎಲ್ಲಿ ಅಂತ ನೆನಪಿಸಲು ಮಾಡಿದ ಕೆಲಸ ಅದು.

ರಂಜಿತ್ ಅವರ 'ಮದ್ರಾಸ್', 'ಕಾಲಾ' ನೋಡಿದವರಿಗೆ ಅವರ ದಾರಿ ಗೊತ್ತು. ಈ ಸಲ ಮಾತು ಕಡಿಮೆ ಮಾಡಿದ್ದಾರೆ, ಪೆಟ್ಟು ಜಾಸ್ತಿ ಬಿದ್ದಿದೆ. ಇದು ದಮನಿತರ ಸಿನಿಮಾ ಅಂತ ಮೆಚ್ಚುವವರೂ ಇದ್ದಾರೆ, ಒಳ್ಳೆ ಆಟದ ಸಿನಿಮಾದಲ್ಲಿ ಇದು ಬೇಕಿತ್ತಾ ಅನ್ನುವವರೂ ಇದ್ದಾರೆ. ಎರಡನೆಯವರಿಗೆ ನನ್ನ ಉತ್ತರ ಇಷ್ಟೇ: ಯಾರನ್ನು ರಿಂಗಿಗೆ ಇಳಿಸಬೇಕು ಅನ್ನುವ ಜಗಳದಿಂದಲೇ ಕಥೆ ಶುರುವಾಗುತ್ತದೆ. ಆ ಜಗಳದ ಬೇರು ಏನು ಅಂತ ಕೇಳದೆ ಗುದ್ದಾಟ ಮಾತ್ರ ನೋಡುವುದು ಹೇಗೆ?

ಎಂಜಿಆರ್ ಅಭಿಮಾನಿಗಳು ಸಿಟ್ಟಾಗಿದ್ದರಂತೆ, ಯಾಕೆ?

ರಂಗನ್ ಮಗ ವೆಟ್ರಿ ಎಂಜಿಆರ್ ಪಕ್ಷದ ಕಡೆ ಹೋಗುತ್ತಾನೆ, ಕಳ್ಳಬಟ್ಟಿ ದಂಧೆ ನಡೆಸುತ್ತಾನೆ. ಡಿಎಂಕೆಯ ರಂಗನ್ ಮಾತ್ರ ಕೊನೆವರೆಗೂ ನೇರ ಮನುಷ್ಯ. ಇದು ಒಂದು ಕಡೆಗೆ ವಾಲಿದೆ, ಕ್ರೀಡೆಗೆ ಎಂಜಿಆರ್ ಕೊಟ್ಟದ್ದನ್ನು ಮರೆಮಾಚಿದೆ ಅಂತ ಅಣ್ಣಾಡಿಎಂಕೆಯ ಮಾಜಿ ಸಚಿವ ಡಿ. ಜಯಕುಮಾರ್ ಆಕ್ಷೇಪ ಎತ್ತಿದರು. ಮೇಲೆ ಹೇಳಿದ ಅಲಿ ಭೇಟಿಯನ್ನು ನೆನೆದರೆ ಆ ದೂರಿನಲ್ಲಿ ಹುರುಳಿಲ್ಲ ಅನ್ನಲಾಗದು.

ಆದರೆ ವೆಟ್ರಿಯನ್ನು ಪಕ್ಷದ ಗೊಂಬೆ ಅಂತ ಮಾತ್ರ ನೋಡಬೇಡಿ. ಅವನು ಗುರುವಿನ ಮಗ, ತಾನೂ ಬಾಕ್ಸರ್. ಗುಂಪಿನ ಮಾನದ ಪ್ರಶ್ನೆ ಬಂದಾಗ ಅಪ್ಪ ಅವನನ್ನು ಬಿಟ್ಟು ಹೊರಗಿನವರನ್ನು ಆರಿಸುತ್ತಾರೆ. ಆ ನೋವು ಅವನನ್ನು ಎಲ್ಲೆಲ್ಲಿಗೋ ಕರಕೊಂಡು ಹೋಗುತ್ತದೆ. ಕಲೈಯರಸನ್ ಅಭಿನಯಕ್ಕೆ ಸಿಗಬೇಕಾದಷ್ಟು ಹೊಗಳಿಕೆ ಸಿಗಲಿಲ್ಲ.

ಬಾಕ್ಸಿಂಗ್ ಸರಿಯಾಗಿ ತೋರಿಸಿದ್ದಾರಾ? ಅಷ್ಟು ಗುದ್ದು ತಿಂದು ಯಾರಾದ್ರೂ ನಿಲ್ತಾರಾ?

ನಿಲ್ಲುವುದಿಲ್ಲ. ನಿಜವಾದ ಆಟದಲ್ಲಿ ಹೆಚ್ಚಿನ ಹೊತ್ತು ದೂರ ಅಳೆಯುವುದರಲ್ಲಿ, ತಪ್ಪಿಸಿಕೊಳ್ಳುವುದರಲ್ಲಿ, ಸುಸ್ತಾದಾಗ ಎದುರಾಳಿಯನ್ನು ತಬ್ಬಿ ಹಿಡಿದು ಉಸಿರು ತೆಗೆದುಕೊಳ್ಳುವುದರಲ್ಲಿ ಕಳೆಯುತ್ತದೆ. ಹಾಗೇ ತೋರಿಸಿದರೆ ಸಿನಿಮಾ ಆಗುವುದಿಲ್ಲ. ಹಾಗಾಗಿ ಗದ್ದಕ್ಕೆ ನೇರ ಬಿದ್ದ ಗುದ್ದುಗಳ ಲೆಕ್ಕ ಇಡಲು ಹೋಗಬೇಡಿ.

ಮೆಚ್ಚಬೇಕಾದದ್ದು ಬೇರೆ ಇದೆ. ಕ್ಯಾಮೆರಾ ಸಾಕಷ್ಟು ಸಲ ಹಿಂದೆ ನಿಂತು ಇಬ್ಬರ ಪೂರ್ತಿ ಮೈ ತೋರಿಸುತ್ತದೆ, ಕಾಲಿನ ಕೆಲಸ ಕಾಣುತ್ತದೆ. ಒಬ್ಬೊಬ್ಬ ಬಾಕ್ಸರಿಗೂ ಅವನದೇ ಆಟ ಕೊಟ್ಟಿದ್ದಾರೆ. ರೋಸ್ ಕುಣಿಯುತ್ತಾನೆ, ವೆಂಬುಲಿ ಗೂಳಿಯ ಹಾಗೆ ಮೇಲೆ ಬೀಳುತ್ತಾನೆ, ಕಬಿಲನ್ ಕಾದು ಹೊಡೆಯುತ್ತಾನೆ. ಕಣ್ಣು ಮುಚ್ಚಿಕೊಂಡು ಹೆಜ್ಜೆ ಸದ್ದು ಕೇಳಿದರೂ ರೋಸ್ ಯಾರು ಅಂತ ಹೇಳಬಹುದು. ಇಷ್ಟು ವ್ಯತ್ಯಾಸ ತರಲು ನಟರು ತಿಂಗಳುಗಟ್ಟಲೆ ಬೆವರು ಹರಿಸದೆ ಆಗುವುದಿಲ್ಲ. ಆರ್ಯ ಅವರ ಮೈ ಬಗ್ಗೆ ಒಂದು ದೂರು ಮಾತ್ರ ನ್ಯಾಯವಾದದ್ದು: 70ರ ದಶಕದ ಕೂಲಿ ಹುಡುಗನಿಗೆ ಇಂದಿನ ಜಿಮ್ ಹುಡುಗನ ಹೊಟ್ಟೆಯ ಗಂಟುಗಳು ಹೊಂದುವುದಿಲ್ಲ.

ನಮ್ಮ 'ಪೈಲ್ವಾನ್' ಇದಕ್ಕಿಂತ ಮುಂಚೆನೇ ಬಂದಿತ್ತಲ್ಲ, ಎರಡೂ ಒಂದೇ ಥರ ಅಲ್ವಾ?

ಅಲ್ಲ. 2019ರಲ್ಲಿ ಬಂದ 'ಪೈಲ್ವಾನ್'ನಲ್ಲೂ ಗುರುವಿದ್ದಾನೆ, ಶಿಷ್ಯನಿದ್ದಾನೆ, ಮಾತು ಮುರಿದ ನೋವಿದೆ, ಕೊನೆಗೆ ಬಾಕ್ಸಿಂಗ್ ಇದೆ. ಸುದೀಪ್ ಕುಸ್ತಿ ಮತ್ತು ಬಾಕ್ಸಿಂಗ್ ಎರಡಕ್ಕೂ ಮೈ ಹುರಿಗೊಳಿಸಿದ್ದು ಚೆನ್ನಾಗಿ ಕಾಣುತ್ತದೆ. ಆದರೆ ಅದು ಹೀರೋನ ಸಿನಿಮಾ. ಗರಡಿ ಅಲ್ಲಿ ಹಿನ್ನೆಲೆ ಮಾತ್ರ, ಆ ಊರು ಯಾವುದು, ಅಲ್ಲಿನ ಜನ ಏನು ತಿನ್ನುತ್ತಾರೆ, ಯಾವ ಪಕ್ಷಕ್ಕೆ ಜೈಕಾರ ಹಾಕುತ್ತಾರೆ ಅಂತ ಗೊತ್ತಾಗುವುದಿಲ್ಲ. ಸಾರ್ಪಟ್ಟದಲ್ಲಿ ಊರೇ ಮೊದಲು. ಕಬಿಲನ್ ಇಲ್ಲದೆಯೂ ಆ ಕೇರಿ ಇರುತ್ತದೆ ಅನ್ನಿಸುತ್ತದೆ. ಯಾವುದು ಮೇಲು ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ, ಎರಡೂ ಬೇರೆ ಬೇರೆ ಆಸೆಯ ಸಿನಿಮಾಗಳು.

ಕರ್ನಾಟಕದಲ್ಲಿ ಇಂಥ ಕಥೆ ಇಲ್ವಾ? ಯಾಕೆ ಯಾರೂ ಮಾಡಲ್ಲ?

ಕಥೆ ರಾಶಿ ಇದೆ. ಮೈಸೂರಿನ ಗರಡಿ ಮನೆಗಳನ್ನೇ ತಗೊಳ್ಳಿ. ಕೆಮ್ಮಣ್ಣಿನ ಮಟ್ಟಿ, ಗೋಡೆ ಮೇಲೆ ಹನುಮಂತ, ಮೂಲೆಯಲ್ಲಿ ಗದೆ, ಎದುರಿಗೆ ಉಸ್ತಾದರು. ದಸರಾ ಹತ್ತಿರ ಬಂತೆಂದರೆ ಜೋಡಿ ಕಟ್ಟುವ ದಿನ, ಯಾರಿಗೆ ಯಾರು ಎದುರು ಅಂತ ತೀರ್ಮಾನವಾಗುವಾಗ ಆಗುವ ಚೌಕಾಸಿ, ಮುನಿಸು, ಒಂದು ಗರಡಿಗೆ ಇನ್ನೊಂದರ ಮೇಲಿನ ಹಳೆ ಸಿಟ್ಟು. ಅಷ್ಟರಲ್ಲೇ ಒಂದು ಸಿನಿಮಾ ಇದೆ. ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುವ ವಜ್ರ ಮುಷ್ಟಿ ಕಾಳಗವನ್ನು ನೆನಪಿಸಿಕೊಳ್ಳಿ. ತಲೆ ಬೋಳಿಸಿಕೊಂಡ ಜಟ್ಟಿಗಳು ಎದುರುಬದುರು ನಿಲ್ಲುತ್ತಾರೆ, ಮೊದಲ ಹನಿ ರಕ್ತ ಕಂಡ ಕೂಡಲೇ ಮುಗಿಯುತ್ತದೆ. ಕೆಲವೇ ಕ್ಷಣ. ಆ ಕೆಲವು ಕ್ಷಣಕ್ಕಾಗಿ ಒಂದು ಮನೆತನ ತಲೆಮಾರುಗಳಿಂದ ಹೇಗೆ ಬದುಕಿದೆ, ಉಳಿದ ದಿನ ಏನು ಕೆಲಸ ಮಾಡುತ್ತದೆ, ಆ ಮನೆಯ ಹೆಂಗಸರು ಅವತ್ತು ಬೆಳಗ್ಗೆ ಏನು ಯೋಚಿಸುತ್ತಾರೆ, ಇದನ್ನು ಯಾರಾದರೂ ತೋರಿಸಬೇಕಲ್ಲ?

ಬೆಳಗಾವಿ, ಧಾರವಾಡ, ದಾವಣಗೆರೆ ಕಡೆ ಜಾತ್ರೆಯ ಜಂಗಿ ಕುಸ್ತಿಗಳಿವೆ. ಹಲಗೆಯ ಸದ್ದು, ಸುತ್ತ ಕುಳಿತ ಸಾವಿರಾರು ಜನ. ನಮ್ಮಲ್ಲಿ ಕೊರತೆ ಇರುವುದು ಕಥೆಯದ್ದಲ್ಲ. ರಂಜಿತ್ ಮತ್ತು ಅವರ ಜೊತೆ ಬರೆದ ತಮಿಳ್ ಪ್ರಭಾ ಆ ಕೇರಿಯನ್ನು ಒಳಗಿನಿಂದ ಬಲ್ಲವರು. ಗರಡಿಯ ಮಟ್ಟಿಯಲ್ಲಿ ಹೊರಳಿದ ಹುಡುಗನೋ, ಆ ಮನೆಯ ಹುಡುಗಿಯೋ ಕ್ಯಾಮೆರಾ ಹಿಡಿಯುವ ದಿನ ನಮ್ಮ ಕಥೆಯೂ ಬರುತ್ತದೆ. ಅಲ್ಲಿವರೆಗೆ ನಿರ್ಮಾಪಕರು ಕನಿಷ್ಠ ಅಂಥವರನ್ನು ಹುಡುಕಿ ಬರೆಯಲು ಕೂರಿಸಬಹುದು. ಇದನ್ನು ಸಿಕ್ಕ ಸಿಕ್ಕವರಿಗೆಲ್ಲ ಹೇಳುತ್ತಲೇ ಇದ್ದೇನೆ.

ಎರಡನೇ ಭಾಗ ಬರುತ್ತಾ? ಬಂದರೆ ಏನಿರಬೇಕು?

2023ರಲ್ಲಿ ರಂಜಿತ್, ಆರ್ಯ ಇಬ್ಬರೂ ಸೇರಿ ಘೋಷಣೆ ಮಾಡಿದ್ದಾರೆ. ಕಬಿಲನ್‌ಗೆ ಇನ್ನೊಬ್ಬ ದೊಡ್ಡ ಎದುರಾಳಿಯನ್ನು ತಂದು ನಿಲ್ಲಿಸಿದರೆ ನನಗೆ ಆಸಕ್ತಿ ಇಲ್ಲ. ಗೆದ್ದ ಮೇಲೆ ಅವನು ಹೊಟ್ಟೆಪಾಡಿಗೆ ಏನು ಮಾಡಿದ, ವೆಟ್ರಿ ಅಪ್ಪನ ಜೊತೆ ಮತ್ತೆ ಊಟಕ್ಕೆ ಕುಳಿತನಾ, ಮಾರಿಯಮ್ಮ ತನ್ನ ಮಗುವನ್ನು ರಿಂಗಿನ ಹತ್ತಿರ ಬಿಟ್ಟಳಾ ಇಲ್ವಾ, ಇದನ್ನು ಹೇಳಿದರೆ ಮೊದಲ ದಿನವೇ ನೋಡುತ್ತೇನೆ. ಈ ಸಲ ಥಿಯೇಟರಿನಲ್ಲಿ.